ಹದಿನೇಳನೇ ನಂಬರಿನ ಹಕ್ಕಿ

ಮೈಲುತುತ್ತ ಬೆರೆಸಿದ ಮೈದಾ ಅಂಟು ತಳ ಹತ್ತುವ ಹೊತ್ತಿಗೆ ಏಳುತ್ತಿದ್ದ ವಾಸನೆಗೆ ಲಕ್ಷ್ಮಿದೇವಿಗೆ ಈ ಅರವತ್ತಾರರ ವಯಸ್ಸಿನಲ್ಲೂ ಒಂದು ಹೆಸರು ಸಿಕ್ಕಿರಲಿಲ್ಲ. ಮೊದಲು ಅನ್ನ ಬೇಯುವ ಹಾಗೆ ಬರುತ್ತಿತ್ತು. ಹಸಿದ ಮಕ್ಕಳು ಅಡುಗೆಯಾಯಿತೇನೋ ಎಂದು ಓಡಿ ಬಂದು ಒಲೆಯ ಮುಂದೆ ನಿಂತರೆ, ನಾಲಗೆಯ ಮೇಲೆ ತಾಮ್ರದ ಕಾಸು ಇಟ್ಟ ಹಾಗೆ ಒಗರಾಗಿ ಗಂಟಲು ಹಿಡಿಯುತ್ತಿತ್ತು. ಅವ್ವ ತಿರುಗಿ ನೋಡದೆ, "ಮುಟ್ಬ್ಯಾಡ, ವಿಸ ಅದು" ಅನ್ನುತ್ತಿದ್ದಳು. ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟೂವರೆಗೆ ಗುಂಡ್ಲುಪೇಟೆ ಬಸ್ಸಿಗೆ ಕಾಯುತ್ತಿದ್ದವಳ ಮೂಗಿಗೆ ಅದೇ ವಾಸನೆ ತಗುಲಿತು. ನೋಡಿದರೆ ಕಾಂಪೌಂಡ್ ಗೋಡೆಯ ಹತ್ತಿರ ಪೋಸ್ಟರ್ ಅಂಟಿಸುವವನು ಬಕೆಟ್ಟಿಗೆ ಪೊರಕೆ ಅದ್ದಿ ಗೋಡೆಗೆ ಬಳಿಯುತ್ತಿದ್ದ. ನಿನ್ನೆಯ ನಾಯಕನ ಮುಖದ ಮೇಲೆ ಇವತ್ತಿನ ನಾಯಕನ ಮುಖ. ಅಂಟಿನ ನೀರು ತಿಳಿಹಸಿರಾಗಿ ಗೋಡೆಯ ಬುಡಕ್ಕೆ ಇಳಿಯುತ್ತಿತ್ತು. ಸೀರೆಗೆ ಹಾರಬಾರದೆಂದು ಅವನು ಪೊರಕೆಯನ್ನು ಬಕೆಟ್ಟಿನ ಅಂಚಿಗೆ ಎರಡು ಸಲ ಹೆಚ್ಚಾಗಿ ಒತ್ತಿ ಹಿಂಡಿದ. ಯಾರೂ ಹೇಳದೆ ಮಾಡಿದ ಆ ಒತ್ತು ಅವಳ ಮನಸ್ಸಿಗೆ ಹಿತವೆನಿಸಿತು. ಹಿತವೆನಿಸಿದ್ದಕ್ಕೇ ಸಿಟ್ಟೂ ಬಂತು. ಇವತ್ತು ಇಂಥದ್ದಕ್ಕೆಲ್ಲ ಕರಗುವ ದಿನ ಅಲ್ಲ, ಇವತ್ತು ಕಣ್ಣು ಗಟ್ಟಿಯಾಗಿರಬೇಕು.

ಚೀಲದಲ್ಲಿ ಭೂತಗನ್ನಡಿಯಿತ್ತು, ಒಂದು ಬಿಳಿ ಕರವಸ್ತ್ರವಿತ್ತು. ಸರ್ಕಾರಿ ಕಾಲೇಜಿನ ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ಹರಿದ ಪುಸ್ತಕಗಳನ್ನು ಹೊಲಿದು, ಬೆನ್ನು ಕಟ್ಟಿ, ರಟ್ಟು ಹಾಕಿದವಳಿಗೆ ಕಾಗದ ಯಾವ ಕಾಲದ್ದು ಎನ್ನುವುದು ಬೆರಳ ತುದಿಗೇ ತಿಳಿಯುತ್ತಿತ್ತು. ಹಳೆಯ ಚಿತ್ರಕಾರ್ಡುಗಳನ್ನು ಕೂಡಿಡುವ ಹವ್ಯಾಸದ ಜನ ಈಚೆಗೆ ಅವಳನ್ನು ಹುಡುಕಿಕೊಂಡು ಬರುವುದಕ್ಕೆ ಅದೊಂದು ಕಾರಣ. ಇನ್ನೊಂದು ಕಾರಣ ಅವ್ವ. ಐವತ್ತಾರು ವರ್ಷದ ಹಿಂದೆ ಗುಂಡ್ಲುಪೇಟೆಯಲ್ಲಿ ಗಿರಿಮಯೂರ ಟೀ ಪುಡಿಯ ಡಿಪೋ ಇತ್ತು. ಪೊಟ್ಟಣದ ಮೇಲೆ ಒಂದೊಂದು ಹಕ್ಕಿಯ ಕಾರ್ಡು ಅಂಟಿಸಿರುತ್ತಿತ್ತು. ಒಟ್ಟು ಇಪ್ಪತ್ತನಾಲ್ಕು ಹಕ್ಕಿ. ಅಷ್ಟೂ ಸೇರಿಸಿ ಡಿಪೋಗೆ ಕೊಟ್ಟವರಿಗೆ ಒಂದು ಸ್ಟೀಲ್ ತಟ್ಟೆ. ಮಂಗಟ್ಟೆ ಹಕ್ಕಿ, ಹದಿನೇಳನೇ ನಂಬರಿನದು, ಯಾರಿಗೂ ಸಿಗುತ್ತಿರಲಿಲ್ಲ. ಆ ಕಾರ್ಡುಗಳನ್ನು ಮನೆಯಲ್ಲಿ ಕೂತು ಪೊಟ್ಟಣಕ್ಕೆ ಅಂಟಿಸುತ್ತಿದ್ದ ಹೆಂಗಸರಲ್ಲಿ ಲಕ್ಷ್ಮಿದೇವಿಯ ಅವ್ವ ಮಹಾಲಕ್ಷ್ಮಮ್ಮನೂ ಒಬ್ಬಳು. ವಾಟ್ಸಾಪಿನಲ್ಲಿ ಊರೂರಿನವರು ಫೋಟೋ ಕಳಿಸುತ್ತಿದ್ದರು. ಅವಳು ಒಂದೇ ಮಾತಿನಲ್ಲಿ ಉತ್ತರ ಬರೆಯುತ್ತಿದ್ದಳು. ನಿಜ. ಸುಳ್ಳು. ಸುಳ್ಳು. ಆ ಎರಡನೆಯ ಮಾತನ್ನು ಬರೆಯುವಾಗ ಪ್ರತಿಸಲವೂ ಹೆಬ್ಬೆರಳು ಒಂದು ಚಣ ತಡೆಯುತ್ತಿತ್ತು. ಅದು ಯಾಕೆ ಎಂದು ಯಾರಿಗೂ ಅವಳು ಹೇಳಿರಲಿಲ್ಲ.

ತೆರಕಣಾಂಬಿ ಬಂದಾಗ ಅವಳು ವಾಡಿಕೆಯಂತೆ ಊರಿನ ಕಡೆಯ ಕಿಟಕಿ ಬಿಟ್ಟು ಆಚೆ ಬದಿ ನೋಡಿದಳು. ನಿಲ್ದಾಣದಲ್ಲಿ ಹತ್ತಿದ ಜನರ ನಡುವೆ ನಲವತ್ತರ ಹೆಂಗಸೊಬ್ಬಳು ತನ್ನ ತಾಯಿಯ ರಟ್ಟೆ ಹಿಡಿದು, "ಇಲ್ಲಿ ಕುಂತ್ಕಳವ್ವ, ನಾನು ನಿಂತ್ಕತೀನಿ" ಎಂದು ಲಕ್ಷ್ಮಿದೇವಿಯ ಪಕ್ಕದಲ್ಲಿ ಕೂರಿಸಿದಳು. ಮುದುಕಿ ಮಡಿಲಲ್ಲಿ ಒಂದು ಬಟ್ಟೆಯ ಗಂಟು ಇಟ್ಟುಕೊಂಡು ನೆಟ್ಟಗೆ ಕೂತಳು. ಸ್ವಲ್ಪ ದೂರ ಹೋದ ಮೇಲೆ ಬಿಸಿಲು ಕಿಟಕಿಯಿಂದ ನೇರ ಲಕ್ಷ್ಮಿದೇವಿಯ ಕಣ್ಣಿಗೆ ಹೊಡೆಯಿತು. ಮುದುಕಿ ಗಂಟನ್ನು ತೊಡೆಯಿಂದ ತೆಗೆದು ಕಿಟಕಿಯ ಗಾಜಿಗೆ ಒತ್ತಿ ನಿಲ್ಲಿಸಿ ಹಾಗೇ ಹಿಡಿದುಕೊಂಡಳು. "ಬಿಡಿ, ಪರವಾಗಿಲ್ಲ" ಅಂದರೆ, "ಇರ್ಲಿ ಬುಡಿ ಮೇಡಮ್ನೋರೆ, ಕೈಯೇನು ಸವೀತದಾ" ಅಂದಳು. ದಾರಿಯುದ್ದಕ್ಕೂ ಆ ಭುಜ ಅವಳ ಭುಜಕ್ಕೆ ತಾಗುತ್ತಿತ್ತು. ಗಂಟಿನಿಂದ ಹುಚ್ಚೆಳ್ಳಿನ ವಾಸನೆ ಸಣ್ಣಗೆ ಬರುತ್ತಿತ್ತು. ಲಕ್ಷ್ಮಿದೇವಿ ಕಣ್ಣು ಮುಚ್ಚಿಕೊಂಡು, ಸಮುದಾಯ ಭವನದ ಬಾಗಿಲಿಗೆ ಹಾಕಿದ್ದಾರೆಂದು, ಇವತ್ತು ಕಾರ್ಡು ನೋಡಲು ಕರೆದಿದ್ದ ಚಂದ್ರಕುಮಾರ್ ಫೋಟೋ ಕಳಿಸಿದ್ದ ಬಟ್ಟೆಯ ಬೋರ್ಡನ್ನು ನೆನೆಸಿಕೊಂಡಳು. 'ಶ್ರೀಮತಿ ಮಹಾಲಕ್ಷ್ಮಮ್ಮ ಸಂಗ್ರಹ.' ಅವ್ವನ ಹೆಸರು ಅಷ್ಟು ದಪ್ಪ ಅಕ್ಷರದಲ್ಲಿ ಎಲ್ಲಾದರೂ ಬರೆದದ್ದನ್ನು ಅವಳು ನೋಡಿರಲಿಲ್ಲ. ರೇಷನ್ ಕಾರ್ಡಿನಲ್ಲಿ ಕೂಡ ಅಪ್ಪನ ಹೆಸರಿನ ಕೆಳಗೆ, ಸಂಬಂಧ ಎಂಬಲ್ಲಿ, 'ಹೆಂಡತಿ' ಎಂದಷ್ಟೇ ಸ್ಪಷ್ಟವಾಗಿತ್ತು.

ಚಂದ್ರಕುಮಾರ್ ಕಾಲೇಜೊಂದರಲ್ಲಿ ಇತಿಹಾಸದ ಪಾಠ ಹೇಳುವವನು. ಬಸ್ ನಿಲ್ದಾಣಕ್ಕೇ ಆಟೋ ಕಳಿಸಿದ್ದ. ಭವನದ ಮೆಟ್ಟಿಲ ಹತ್ತಿರ ತಾನೇ ಬಂದು ಚೀಲ ಇಸಿದುಕೊಂಡ. ಅವಳಿಗೆ ತಣ್ಣೀರು ಆಗುವುದಿಲ್ಲವೆಂದು ಹಿಂದೆಂದೋ ಹೇಳಿದ್ದನ್ನು ನೆನಪಿಟ್ಟುಕೊಂಡು ಫ್ಲಾಸ್ಕಿನಲ್ಲಿ ಬಿಸಿನೀರು ತರಿಸಿದ್ದ. ಕುರ್ಚಿಗೆ ಮಡಿಸಿದ ಶಾಲು ಹಾಸಿದ್ದ. ಒಳ್ಳೆಯವನು. ಒಳ್ಳೆಯವನಾಗಿರುವುದರಿಂದಲೇ ಕಷ್ಟ ಎಂದು ಅವಳು ಆಮೇಲೆ ಅಂದುಕೊಳ್ಳುವುದಿತ್ತು. "ಹನ್ನೆರಡಕ್ಕೆ ಸುಲ್ತಾನ್ ಬತ್ತೇರಿಯಿಂದ ಒಬ್ರು ಬರ್ತಾರೆ ಮೇಡಂ. ಅಲ್ಲಿ ಮ್ಯೂಸಿಯಂ ಮಾಡ್ತಾ ಇದಾರಂತೆ. ಪೂರ್ತಿ ಸೆಟ್ ಕರ್ನಾಟಕದಲ್ಲೇ ಇನ್ನೆಲ್ಲೂ ಇಲ್ಲ. ನೀವು ನೋಡಿ ಒಂದು ಸೈನ್ ಹಾಕಿದ್ರೆ ಆಯ್ತು" ಎಂದು ಮೇಜಿನ ಮೇಲಿನ ಚೌಕಟ್ಟಿನ ಬಟ್ಟೆ ಸರಿಸಿದ. ಇಪ್ಪತ್ತನಾಲ್ಕು ಹಕ್ಕಿಗಳು ನಾಲ್ಕು ಸಾಲಾಗಿ ಅವಳತ್ತ ನೋಡಿದವು. ಗಿಳಿ, ಮಿಂಚುಳ್ಳಿ, ಮರಕುಟಿಗ, ಕಾಜಾಣ. ಮೂರನೇ ಸಾಲಿನ ಕೊನೆಗೆ ಒಂದಕ್ಕೆ ಮೊದಲು ಹಳದಿ ಕೊಕ್ಕಿನ ಮಂಗಟ್ಟೆ. ಅವಳ ಎದೆ ಒಮ್ಮೆ ಧಸಕ್ಕೆಂದಿತು. ಹತ್ತು ವರ್ಷದ ಹುಡುಗಿಯ ಎದೆ ಅದು. ಅದಕ್ಕೆ ನಿಜ ಸುಳ್ಳಿನ ಗೊಡವೆಯಿರಲಿಲ್ಲ.

ಅವಳು ಚೌಕಟ್ಟಿನ ಹಿಂಬದಿಯ ಮೊಳೆ ಬಿಚ್ಚಿಸಿದಳು. ಕರವಸ್ತ್ರ ಹಾಸಿ, ಒಂದೊಂದೇ ಕಾರ್ಡನ್ನು ಅಂಚು ಹಿಡಿದು ತೆಗೆದಳು. ಮೊದಲು ಮೂಸಿದಳು. ಮೂಸುವುದನ್ನು ಕಂಡರೆ ಜನ ನಗುತ್ತಿದ್ದರು, ನಗಲಿ. ಮಂಗಟ್ಟೆಯಿಂದ ಟೀ ಡಿಕಾಕ್ಷನ್ನಿನ ವಾಸನೆ ಬಂತು. ಟೀ ಪೊಟ್ಟಣದ ಕಾರ್ಡು ಅಂದಮೇಲೆ ಟೀ ವಾಸನೆ ಇರಬೇಕೆಂದು, ಹಳತಾಗಿ ಕಾಣಲೆಂದು, ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸುವವರಿಗೆ ಗೊತ್ತಿಲ್ಲದ್ದು ಏನೆಂದರೆ, ಆ ಕಾರ್ಡುಗಳು ಎಂದೂ ಟೀಯನ್ನು ಮುಟ್ಟಿರಲೇ ಇಲ್ಲ. ಪೊಟ್ಟಣದ ಹೊರಗೆ ಅವು, ಪುಡಿ ಒಳಗೆ. ಆಮೇಲೆ ಭೂತಗನ್ನಡಿ. ಹಳೆಯ ಅಚ್ಚಿನಲ್ಲಿ ಬಣ್ಣ ಮೈಮೇಲೆ ಬಳಿದಂತೆ ಕೂತಿರುತ್ತದೆ, ಹಳದಿ ಕೊಕ್ಕಿನ ಗೆರೆ ದಾಟಿ ಎಳ್ಳಿನಷ್ಟು ಆಚೆ ಹೋಗಿರುತ್ತದೆ. ಇಲ್ಲೂ ಹಳದಿ ಆಚೆ ಹೋಗಿತ್ತು, ಆದರೆ ಆ ಹೋದ ಹಳದಿಯೂ ಸಾಲುಸಾಲು ಸಣ್ಣ ಚುಕ್ಕಿಗಳಾಗಿತ್ತು. ತಪ್ಪನ್ನು ಕೂಡ ಫೋಟೋ ಹಿಡಿದು ಅಚ್ಚು ಹಾಕಿದ್ದರು. ಕೊನೆಗೆ ಬೆನ್ನು. ತಿರುವಿದಳು. ಒಂದೇ ಸಮನೆ ಕಂದುಬಣ್ಣ, ಚೊಕ್ಕವಾಗಿತ್ತು. ಅವ್ವನ ಗುರುತಿರಲಿ, ಬೇರೆ ಹೆಂಗಸರ ಅಂಟಿನ ಕಲೆಯೂ ಇರಲಿಲ್ಲ.

ಅವ್ವನ ಬಲಗೈ ತೋರುಬೆರಳು ಕುಡುಗೋಲಿಗೆ ಸಿಕ್ಕಿ ಅರ್ಧ ಹೋಗಿತ್ತು. ಬೇರೆ ಮನೆಗಳಲ್ಲಿ ಹೆಂಗಸರು ಕಾರ್ಡಿನ ನಾಲ್ಕು ಮೂಲೆಗೆ ಮೈಲುತುತ್ತವಿಲ್ಲದ ನಾಲ್ಕು ಚುಕ್ಕಿ ಅಂಟಿಟ್ಟರೆ ಅವ್ವ ಹೆಬ್ಬೆರಳನ್ನೇ ಅಂಟಿಗದ್ದಿ ಕೆಳಗಿನ ಎಡಮೂಲೆಯಿಂದ ಮೇಲಿನ ಬಲಮೂಲೆಗೆ ಒಂದೇ ಸಲ ಎಳೆಯುತ್ತಿದ್ದಳು. ಶುರುವಿನಲ್ಲಿ ಅಗಲ, ಕೊನೆಯಲ್ಲಿ ಬಾಲದಂತೆ ಸಣ್ಣ. ಹುಳು ತಿನ್ನಬಾರದೆಂದು ಹಾಕಿದ ಮೈಲುತುತ್ತ ವರ್ಷ ಕಳೆದ ಹಾಗೆ ಕಾಗದದೊಳಗೆ ಇಳಿದು ಆ ಎಳೆತವನ್ನು ಮಾಸಲು ಹಸಿರಾಗಿ ಹಿಡಿದಿಟ್ಟುಕೊಳ್ಳುತ್ತದೆ. ಹವ್ಯಾಸದ ಜನ ಅದನ್ನು ಬೂಷ್ಟು ಎಂದುಕೊಂಡು ದೂರ ಇಡುತ್ತಿದ್ದರು. ಚೊಕ್ಕ ಬೆನ್ನಿನ ಕಾರ್ಡು ಸಿಕ್ಕರೆ ಹಿಗ್ಗುತ್ತಿದ್ದರು. ಅವಳು ಇದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ತಿಳಿಸಿದರೆ ನಾಳೆ ಹಸಿರು ಹೆಬ್ಬೆರಳನ್ನೂ ಅಚ್ಚು ಹಾಕಿಯಾರು. ಸಂಜೆಯ ಹೊತ್ತು ಅವ್ವನ ಆ ಹೆಬ್ಬೆರಳು ಕೊರಳಿನ ಕರಿಮಣಿಗೆ ತಾಗಿ ಮಣಿಯ ಅಂಚೂ ಹಸಿರಾಗಿರುತ್ತಿತ್ತು. ಅದೇ ಕೈಯಲ್ಲಿ ಊಟ ಕಲಸಬಾರದೆಂದು ಅವ್ವ ಎಡಗೈಯಲ್ಲಿ ಸೌಟು ಹಿಡಿದು ಬಡಿಸುತ್ತಿದ್ದಳು. ನೆಂಟರು ಅದಕ್ಕೆ ಮುಖ ಸಿಂಡರಿಸುತ್ತಿದ್ದರು.

"ಆರು ಸುಳ್ಳು" ಎಂದಳು ಲಕ್ಷ್ಮಿದೇವಿ. ಆ ಆರನ್ನು ಕರವಸ್ತ್ರದ ಈಚೆ ಬದಿಗೆ ಸಾಲಾಗಿಟ್ಟಳು. ಮಂಗಟ್ಟೆ ಕೊನೆಯದು.

ಚಂದ್ರಕುಮಾರ್ ಬಾಗಿಲ ಕಡೆ ನೋಡಿ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಅವನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. "ಗೊತ್ತು ಮೇಡಂ. ನಿಮ್ಮ ಹತ್ರ ಮುಚ್ಚೋಕಾಗುತ್ತಾ. ಹದಿನೆಂಟು ಅಸಲಿ ಸಿಕ್ತು. ಹತ್ತು ವರ್ಷ ಹುಡುಕಿದ್ರೂ ಉಳಿದ ಆರು ಸಿಗ್ಲಿಲ್ಲ. ಕೊಯಮತ್ತೂರಲ್ಲಿ ಮಾಡಿಸ್ದೆ."

"ಹಂಗಂತ ಬರೆದುಬಿಡಿ. ಆರು ಹೊಸದಾಗಿ ಮಾಡಿಸಿದ್ದು ಅಂತ."

"ಬರೆದ್ರೆ ಅವ್ರು ತಗೊಳಲ್ಲ. ಪೂರ್ತಿ ಸೆಟ್ ಅಂದ್ರೇನೆ ಬೆಲೆ. ದುಡ್ಡಿನ ಮಾತಲ್ಲ ಮೇಡಂ, ನನಗೆ ಬರೋದು ಖರ್ಚಿಗೆ ಸರಿ." ಅವನು ಬಾಗಿಲ ಮೇಲಿನ ಬೋರ್ಡಿನತ್ತ ಕೈ ತೋರಿಸಿದ. "ನಿಮ್ಮ ತಾಯಿಯ ಹೆಸರು ಒಂದು ಮ್ಯೂಸಿಯಮ್ಮಿನ ಗೋಡೆ ಮೇಲೆ ಇರುತ್ತೆ. ಮನೇಲಿ ಕೂತು ಅಂಟಿಸಿದ ಹೆಂಗಸರ ಹೆಸರು ಯಾರು ಬರೀತಾರೆ ಹೇಳಿ. ಒಬ್ರದ್ದಾದ್ರೂ ಉಳೀಲಿ."

ಅವನು ಹೇಳಿದ್ದು ಸುಳ್ಳಲ್ಲವಾದ್ದರಿಂದ ಲಕ್ಷ್ಮಿದೇವಿಗೆ ತಕ್ಷಣ ಬೇಡವೆನ್ನಲಾಗಲಿಲ್ಲ. ಅವನು ಎದ್ದು ಫ್ಲಾಸ್ಕಿನ ನೀರು ಲೋಟಕ್ಕೆ ಬಗ್ಗಿಸಿ, ಬಿಸಿ ನೋಡಿ, ಊದಿ ಕೊಟ್ಟ. ಟೈಪ್ ಮಾಡಿಸಿದ ಹಾಳೆಯನ್ನು ಮುಂದಿಟ್ಟು ಅದರ ಮೇಲೆ ಪೆನ್ನು ಇಟ್ಟ. ಪೆನ್ನು ಉರುಳಿ ಬೀಳದಂತೆ ಅದರ ಕ್ಲಿಪ್ಪನ್ನು ಹಾಳೆಯ ಅಂಚಿಗೆ ಸಿಕ್ಕಿಸಿದ. ಇಪ್ಪತ್ತನಾಲ್ಕು ಕಾರ್ಡುಗಳೂ ತನ್ನ ತಾಯಿ ಮಹಾಲಕ್ಷ್ಮಮ್ಮನ ಮನೆಯಲ್ಲಿ ಅಂಟಿಸಿದವೆಂದು ತಾನು ಬಲ್ಲೆ ಎಂಬ ವಾಕ್ಯವನ್ನು ಲಕ್ಷ್ಮಿದೇವಿ ಎರಡು ಸಲ ಓದಿದಳು. ಬರೆದರೆ ಏನಾಗುತ್ತದೆ? ಅವ್ವ ಸತ್ತು ಇಪ್ಪತ್ತೆರಡು ವರ್ಷ. ಒಂದು ಸುಳ್ಳು ಹೇಳಿ ಅವ್ವನನ್ನು ಉಳಿಸಿಕೊಂಡದ್ದು ಇದೇನು ಮೊದಲ ಸಲವೇ? ಈ ಯೋಚನೆ ಬಂದದ್ದೇ ಅವಳ ಕೈ ಪೆನ್ನಿನ ಹತ್ತಿರದಿಂದ ಹಿಂದಕ್ಕೆ ಬಂತು.

ಬಾಗಿಲಲ್ಲಿ ನೆರಳಾಯಿತು. ಬಸ್ಸಿನ ತಾಯಿ ಮಗಳು. ಮಗಳು ಒಳಗೆ ಬಂದು, "ಸಾರ್, ನಾನು ಭಾನು, ತೆರಕಣಾಂಬಿ. ಆಸ್ಪತ್ರೇಲಿ ನರ್ಸು. ಗ್ರೂಪಲ್ಲಿ ನಿಮ್ಮ ಮೆಸೇಜ್ ನೋಡ್ದೆ. ನಮ್ಮವ್ವನ ಹತ್ರ ಒಂದು ಕಾರ್ಡದೆ, ನೋಡ್ತೀರಾ" ಎಂದಳು. ತಾಯಿ ಹೊಸ್ತಿಲ ಆಚೆಗೇ ನಿಂತಿದ್ದಳು. ಭಾನು ಪ್ಲಾಸ್ಟಿಕ್ ಕವರಿನಿಂದ ತೆಗೆದು ಕೊಟ್ಟದ್ದನ್ನು ಚಂದ್ರಕುಮಾರ್ ಬೆಳಕಿಗೆ ಹಿಡಿದ. ಮಧ್ಯಕ್ಕೆ ಹರಿದ ಎರಡು ತುಂಡು, ಮುಂಬದಿಯಲ್ಲಿ ಯಾವುದೋ ಕಾಲದ ಅಂಟುಪಟ್ಟಿ ಹಾಕಿ ಸೇರಿಸಿದ್ದು. ಪಟ್ಟಿ ಹಳದಿಯಾಗಿ ಬಿಗಿದುಕೊಂಡಿತ್ತು. ಅದರಡಿಯಲ್ಲಿ ಹಕ್ಕಿಯ ಕೊಕ್ಕು ಒಂದು ತುಂಡಿನಲ್ಲಿ, ಕಣ್ಣು ಇನ್ನೊಂದರಲ್ಲಿ. ತಿರುವಿ ನೋಡಿ ಅವನು ಮೆತ್ತಗೆ, ನೋಯಿಸಬಾರದೆಂಬ ದನಿಯಲ್ಲಿ ಹೇಳಿದ, "ಇದು ಡೂಪ್ಲಿಕೇಟ್ ಅಮ್ಮ. ಬೆನ್ನು ನೋಡಿ, ಹಸಿರು ಬೂಷ್ಟು. ಅಸಲಿದು ಹಿಂಗಿರಲ್ಲ. ಆಗಿನ ಕಾಲದಲ್ಲೂ ಕಳ್ಳ ಕಾರ್ಡು ಮಾಡ್ತಿದ್ರು."

"ನಾನು ಹೇಳ್ನಿಲ್ವಾ ಭಾನು" ಎಂದಳು ಹೊಸ್ತಿಲಾಚೆಯ ಮುದುಕಿ. "ಇವ್ರ ಸೈನು ತಕಂಡು ನಂಗೇನಾಗ್ಬೇಕು. ನಿಜ ಅಂತ ನಂಗೊತ್ತು. ಬಾ ಓಗನ."

ಗುರುತು ಹತ್ತಿದ್ದು ಆ ದನಿಯಿಂದ ಅಲ್ಲ, ಆ ಹರಕಿನಿಂದ. ಹಕ್ಕಿಯ ಕಣ್ಣಿಗೂ ಕೊಕ್ಕಿಗೂ ನಡುವೆ ಹೋದ ಆ ಹರಕನ್ನು ಲಕ್ಷ್ಮಿದೇವಿ ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು. ಐವತ್ತಾರು ವರ್ಷದ ಹಿಂದೆ ಡಿಪೋದ ಮರದ ಕೌಂಟರಿನ ಎತ್ತರ ಅವಳ ಗಲ್ಲದಷ್ಟಿತ್ತು. ಜ್ವರ ಬಿಟ್ಟೆದ್ದ ಅವ್ವನಿಗೆ ನಡೆಯಲು ತ್ರಾಣವಿಲ್ಲದೆ ಅಂಟಿಸಿದ ಪೊಟ್ಟಣಗಳ ಬುಟ್ಟಿಯನ್ನು ಅವಳೇ ಹೊತ್ತು ತಂದಿದ್ದಳು. ಏಜೆಂಟ್ ಶಾಂತಮಲ್ಲಪ್ಪನವರ ಮುಂದೆ, ಕೌಂಟರಿನಿಂದ ಮೂರು ಮಾರು ದೂರ, ಊರಾಚೆ ಕೇರಿಯ, ಅವಳದೇ ವಯಸ್ಸಿನ ಚಿಕ್ಕನಿಂಗಿ ನಿಂತಿದ್ದಳು. ಕಣ್ಣು ಹೊಳೆಯುತ್ತಿತ್ತು. ಅವರಿವರು ಬಿಸಾಡಿದ ಪೊಟ್ಟಣದಿಂದ ಆಯ್ದು, ನೀರಲ್ಲಿ ನೆನೆಸಿ ಬಿಡಿಸಿ, ಇಪ್ಪತ್ತಮೂರು ಸೇರಿಸಿದ್ದಳು. ಇಪ್ಪತ್ತನಾಲ್ಕನೆಯದು ಎಲ್ಲಿಂದ ಬಂತೆಂದು ಲಕ್ಷ್ಮಿಗೆ ಗೊತ್ತಿತ್ತು. ಅವ್ವನಿಗೆ ಚಳಿಜ್ವರ ಬಂದ ವಾರ ಚಿಕ್ಕನಿಂಗಿ ದಿನಾ ಹೊನಗೊನ್ನೆ ಸೊಪ್ಪು ತಂದು ಹಿತ್ತಲ ಕಲ್ಲಿನ ಮೇಲಿಟ್ಟು ಹೋಗುತ್ತಿದ್ದಳು. ಆ ಕಲ್ಲು ದಾಟಿ ಅವಳ ಕೇರಿಯವರು ಬರುವಂತಿರಲಿಲ್ಲ. ವಾರ ಮುಗಿದ ದಿನ ಅವ್ವ ಆಗಷ್ಟೇ ಅಂಟಿಸಿದ್ದ ಮಂಗಟ್ಟೆಯನ್ನು ಪೊಟ್ಟಣದಿಂದ ಮೆಲ್ಲಗೆ ಕಿತ್ತು, ಕಲ್ಲಿನ ತನಕ ನಡೆದು ಹೋಗಿ, ಕಲ್ಲಿನ ಮೇಲೆ ಇಡದೆ, ಚಿಕ್ಕನಿಂಗಿಯ ಕೈ ಹಿಡಿದು ಅಂಗೈಯೊಳಗೆ ಇಟ್ಟಿದ್ದಳು. "ನೆಕ್ಬ್ಯಾಡ ಕಣಮ್ಮಿ, ವಿಸ ಅದು." ಬಾಗಿಲ ಹಿಂದಿನಿಂದ ಲಕ್ಷ್ಮಿ ನೋಡಿದ್ದಳು. ಅವಳು ಎಷ್ಟು ಗೋಗರೆದರೂ ಅವ್ವ ಹದಿನೇಳನೇ ನಂಬರನ್ನು ಮುಟ್ಟಲು ಕೂಡ ಬಿಟ್ಟಿರಲಿಲ್ಲ. ಎಣಿಸಿ ಕೊಟ್ಟಿರುತ್ತಾರೆ, ಒಂದು ಕಡಿಮೆಯಾದರೆ ಕೆಲಸ ಹೋಗುತ್ತದೆ ಎಂದಿದ್ದಳು.

ಶಾಂತಮಲ್ಲಪ್ಪನವರು ಲಕ್ಷ್ಮಿಯ ಕಡೆ ತಿರುಗಿದರು. "ಏನಮ್ಮಿ, ಈ ತಿಂಗಳ ಹದಿನೇಳು ನಿಮ್ಮನೇ ಕಟ್ಟಲ್ಲಿತ್ತು, ಬೇಗೂರಿನ ಅಂಗಡಿಗೆ ಓಗ್ಬೇಕಾದ್ದು. ಇವ್ಳ ಕೈಗೆ ಎಂಗ್ ಬಂತು? ನಿಮ್ಮವ್ವ ಕೊಟ್ಟದ್ದಾ?" ಹೌದು ಎಂದರೆ ಅವ್ವ ಕಳ್ಳಿ. ಕೆಲಸ ಹೋಗುತ್ತದೆ. ಆ ಹೆದರಿಕೆ ನಿಜವೇ. ಆದರೆ ಹೆದರಿಕೆಯ ಜೊತೆಗೆ ಇನ್ನೊಂದು ಇತ್ತು, ಅಂಟಿನ ವಾಸನೆಯಲ್ಲಿ ಅನ್ನದ ಹಿಂದೆ ಬರುವ ತಾಮ್ರದ ಹಾಗೆ, ಅದು ಎಷ್ಟು, ಇದು ಎಷ್ಟು ಎಂದು ಐವತ್ತಾರು ವರ್ಷದಿಂದ ಭೂತಗನ್ನಡಿ ಹಿಡಿದರೂ ಅವಳಿಗೆ ಬೇರ್ಪಡಿಸಲಾಗಿರಲಿಲ್ಲ. "ನಮ್ದಲ್ಲ" ಅಂದಿದ್ದಳು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಅದು ಕಳ್ಳ ಕಾರ್ಡು. ಸುಳ್ಳು ಕಾರ್ಡು" ಅಂದಿದ್ದಳು. ಶಾಂತಮಲ್ಲಪ್ಪನವರು ಎರಡು ತುಂಡು ಮಾಡಿ ಕೌಂಟರಿನ ಆಚೆಗೆ ಬಿಟ್ಟರು. ಚಿಕ್ಕನಿಂಗಿ ಅಳಲಿಲ್ಲ. ಕೂತು, ಎರಡೂ ತುಂಡು ಆಯ್ದುಕೊಂಡು, ಒಂದಕ್ಕೊಂದು ಹೊಂದಿಸಿ ನೋಡಿ, ಎದ್ದು ಹೋದಳು. ಗೋಡೆಗೆ ಒರಗಿಸಿಟ್ಟಿದ್ದ ಸ್ಟೀಲ್ ತಟ್ಟೆಗಳಲ್ಲಿ ಅವಳ ಲಂಗ ಸಣ್ಣಸಣ್ಣದಾಗಿ ಹತ್ತು ಸಲ ಕಾಣಿಸಿ ಮಾಯವಾಯಿತು. ಆ ಸಂಜೆ ಮಗಳಿಂದ ಎಲ್ಲ ಕೇಳಿದ ಅವ್ವ ಬೈಯಲಿಲ್ಲ, ಹೊಡೆಯಲಿಲ್ಲ. ಎಡಗೈಯಲ್ಲಿ ಸೌಟು ಹಿಡಿದು ಬಡಿಸಿದಳು. ಮೂರು ದಿನ ಮಾತಾಡಲಿಲ್ಲ. ಮಾತಾಡಿದಾಗ, ಅಂಟಿಗೆ ಮೈದಾ ಸಾಲದು, ತಕಂಡು ಬಾ ಅಂದಳು. ವರ್ಷದೊಳಗೆ ಡಿಪೋ ಮುಚ್ಚಿತು, ಅವರು ಚಾಮರಾಜನಗರಕ್ಕೆ ಬಂದರು. ಚಿಕ್ಕನಿಂಗಿಯನ್ನು ತೆರಕಣಾಂಬಿಗೆ ಕೊಟ್ಟರಂತೆ ಎಂದು ಯಾರೋ ಹೇಳಿದ ಮೇಲೆ ಆ ಊರಿನ ಕಡೆಯ ಕಿಟಕಿ ಅವಳ ಪಾಲಿಗೆ ಮುಚ್ಚಿಹೋಯಿತು.

"ಕೊಡಿ ಇಲ್ಲಿ" ಎಂದಳು ಲಕ್ಷ್ಮಿದೇವಿ.

ಚಂದ್ರಕುಮಾರ್ ಕೊಟ್ಟ. ಅಷ್ಟರಲ್ಲಿ ಬತ್ತೇರಿಯಿಂದ ಬಂದವರ ಕಾರು ನಿಂತು, ಬಿಳಿ ಮುಂಡಿನ ವಯಸ್ಸಾದವರೊಬ್ಬರು ಮೆಟ್ಟಿಲು ಹತ್ತಿ ಬಂದರು. ಹೊಸ್ತಿಲಲ್ಲಿ ಮುದುಕಿ ನಿಂತಿರುವುದನ್ನು ಕಂಡು ಚಪ್ಪಲಿ ಬಿಟ್ಟು, "ನೀವು ಮೊದಲು ಹೋಗಿ ಅಮ್ಮ" ಎಂದು ಪಕ್ಕಕ್ಕೆ ಸರಿದರು. ಆವತ್ತಿನ ಚಿಕ್ಕನಿಂಗಿ, ಈಗಿನ ಚಿಕ್ಕನಿಂಗಮ್ಮ, ಬೇರೆ ದಾರಿಯಿಲ್ಲದೆ ಒಳಗೆ ಬಂದಳು. ಚಂದ್ರಕುಮಾರ್ ಬಗ್ಗಿ, "ಮೇಡಂ, ಸೈನ್" ಎಂದ. ಆರು ಕಾರ್ಡುಗಳನ್ನು ಚೌಕಟ್ಟಿನೊಳಕ್ಕೆ ಬೇಗಬೇಗ ಜೋಡಿಸತೊಡಗಿದ. ಒಂದನ್ನು ತಲೆಕೆಳಗಾಗಿಟ್ಟು ಮತ್ತೆ ತೆಗೆದ. ಅವಳಿಗೆ ಅವನ ಮೇಲೆ ಕನಿಕರ ಬಂತು. ಬರಲಿ, ಅದರ ಪಾಡಿಗೆ ಅದು ಇರಲಿ. ಡಿಪೋದಲ್ಲಿ ನಿಂತಿದ್ದ ಆ ಹತ್ತು ವರ್ಷದ ಹುಡುಗಿಗೂ ಅವ್ವನ ಮೇಲೆ ಕನಿಕರವಿತ್ತು, ಹಾಗೆಂದೇ ಬಾಯಿ ತೆರೆದಿದ್ದಳು.

"ಅವನ್ನ ಜೋಡಿಸಬೇಡಿ ಚಂದ್ರಕುಮಾರ್" ಎಂದಳು. ದನಿ ಅವಳು ಎಣಿಸಿದ್ದಕ್ಕಿಂತ ದೊಡ್ಡದಾಗಿ ಖಾಲಿ ಹಾಲಿನಲ್ಲಿ ತಿರುಗಿ ಬಂತು. "ಅವು ಆರೂ ಸುಳ್ಳು. ಉಳಿದ ಹದಿನೆಂಟು ನಿಜ."

"ಮೇಡಂ, ಒಂದ್ನಿಮಿಷ ಹೊರಗೆ ಬನ್ನಿ, ಮಾತಾಡೋಣ."

"ಹೊರಗ್ಯಾಕೆ. ಒಳಗೆ ಹೇಳ್ಬೇಕಾದ್ದು ಇದು." ಭೂತಗನ್ನಡಿಯನ್ನು ಬಂದವರ ಕೈಗೆ ಕೊಟ್ಟಳು. "ಕೊಕ್ಕು ನೋಡಿ. ಚುಕ್ಕಿ ಕಾಣ್ತದಾ? ಈಗ ಇದನ್ನ ನೋಡಿ." ಹರಿದ ಕಾರ್ಡನ್ನು ಕರವಸ್ತ್ರದ ಮೇಲೆ ಇಟ್ಟಳು. "ಇದರಲ್ಲಿ ಚುಕ್ಕಿ ಇಲ್ಲ. ಬೆನ್ನು ತಿರುವಿ. ಹಸಿರು ಕಾಣ್ತದಲ್ಲ, ಬೂಷ್ಟು ಅಲ್ಲ ಅದು. ನಮ್ಮವ್ವನ ಹೆಬ್ಬೆರಳು."

ಬಂದವರು ಬಹಳ ಹೊತ್ತು ನೋಡಿದರು. ಬೆನ್ನ ಮೇಲೆ ಅಂಟುಪಟ್ಟಿಯಿರಲಿಲ್ಲ. ಹಸಿರು ಎಳೆತ ಹರಕಿನ ಈಚೆಯಿಂದ ಹೊರಟು ಬಿರುಕನ್ನು ದಾಟಿ ಆಚೆ ತುಂಡಿನಲ್ಲಿ ಬಾಲವಾಗಿ ಮುಗಿದಿತ್ತು. ಚಂದ್ರಕುಮಾರ್ ಕೊನೆಯ ಪ್ರಯತ್ನವೆಂಬಂತೆ ಕೇಳಿದ. "ಸರಿ ಮೇಡಂ, ನಿಜವೇ ಇರ್ಲಿ. ಡಿಪೋ ಪುಸ್ತಕದ ಪ್ರಕಾರ ಹದಿನೇಳು ಹೊರಗಡೆ ಹೋಗಿರೋದೇ ನಾಲ್ಕು. ನಾಲ್ಕೂ ಅಂಗಡಿಗೆ ಹೋಗಿವೆ. ಇವ್ರ ಕೈಗೆ ಹೇಗೆ ಬಂತು?"

ಅದೇ ಪ್ರಶ್ನೆ. ಕೌಂಟರು ಮಾತ್ರ ಈಗ ಅವಳ ಸೊಂಟದಷ್ಟಿತ್ತು. ಬಾಗಿಲ ಮೇಲೆ ಅವ್ವನ ಹೆಸರು ಹಿಂದುಮುಂದಾಗಿ, ಬಟ್ಟೆಯೊಳಗಿಂದ ಬೆಳಕಿಗೆ ಕಾಣುತ್ತಿತ್ತು.

"ನಮ್ಮವ್ವ ಕದ್ದಳು" ಎಂದಳು ಲಕ್ಷ್ಮಿದೇವಿ. "ಅಂಗಡಿಗೆ ಹೋಗೋ ಪೊಟ್ಟಣದಿಂದ ಕಿತ್ತು ಇವಳ ಕೈಗೆ ಕೊಟ್ಟಳು. ನಾನು ಕಣ್ಣಾರೆ ಕಂಡಿದೀನಿ. ಕಂಡೂ ಡಿಪೋದಲ್ಲಿ ನಿಂತು ಸುಳ್ಳು ಕಾರ್ಡು ಅಂದೆ. ಆವತ್ತು ಇದು ಹರಿದದ್ದು ನನ್ನ ಮಾತಿಗೆ. ನಾನು ಹೇಳಿದ ಮೊದಲನೇ ತೀರ್ಪೇ ಸುಳ್ಳು, ಆಮೇಲಿಂದೆಲ್ಲ ಸರಿಯಾಗಿ ಹೇಳ್ಕೊಂಡು ಬಂದಿದೀನಿ. ನಿಮ್ಮ ಗೋಡೆ ಮೇಲೆ ಅವ್ವನ ಹೆಸರು ಹಾಕೋದಾದ್ರೆ ಕದ್ದಳು ಅಂತಲೂ ಹಾಕಿ. ಯಾರಿಗೆ ಕೊಟ್ಟಳು ಅಂತಲೂ ಹಾಕಿ. ಹಾಕದಿದ್ರೆ ಆ ಬೋರ್ಡು ಇಳಿಸಿ. ಈ ಕಾಗದಕ್ಕೆ ನಾನು ಕೈ ಹಾಕಲ್ಲ." ಹಾಳೆಯನ್ನು ಹರಿಯಲಿಲ್ಲ. ಹರಿಯುವುದು ಅವಳಿಗೆ ಅಸಹ್ಯ. ಮಡಿಕೆ ಸರಿಯಾಗಿ ಕೂರುವಂತೆ ನಾಲ್ಕಾಗಿ ಮಡಿಸಿ, ಪೆನ್ನನ್ನು ಅದರ ಮೇಲಿಟ್ಟು ಚಂದ್ರಕುಮಾರನತ್ತ ದೂಡಿದಳು.

ಚಿಕ್ಕನಿಂಗಮ್ಮ ಮೇಜಿನ ಹತ್ತಿರ ಬಂದು ತನ್ನ ಕಾರ್ಡನ್ನು ತೆಗೆದುಕೊಂಡು ಪ್ಲಾಸ್ಟಿಕ್ ಕವರಿಗೆ ಹಾಕಿದಳು. ಬತ್ತೇರಿಯವರು, "ಅಮ್ಮ, ಇದನ್ನ ಕೊಡ್ತೀರಾ, ನಾನು" ಎಂದು ಶುರುಮಾಡಿದರು.

"ಕೊಡಕ್ಕಿಲ್ಲ" ಎಂದಳು ಚಿಕ್ಕನಿಂಗಮ್ಮ. ಆಮೇಲೆ ಲಕ್ಷ್ಮಿದೇವಿಯನ್ನು ನೋಡಿ, "ನಿಂಗೆ ಇಷ್ಟು ಹೇಳಕ್ಕೆ ಐವತ್ತಾರು ವರ್ಸ ಬೇಕಾಯ್ತಾ" ಎಂದಳು. ಲಕ್ಷ್ಮಿದೇವಿ ಹೌದೆಂದು ತಲೆಯಾಡಿಸಿದಳು. ಕ್ಷಮಿಸು ಎಂಬ ಮಾತು ನಾಲಗೆಯ ತುದಿಗೆ ಬಂದು, ಟೀ ಡಿಕಾಕ್ಷನ್ನಿನಲ್ಲಿ ಅದ್ದಿದ ಹಾಗೆ ಕಂಡು, ಅಲ್ಲೇ ನಿಂತಿತು.

ಹೊರಗೆ ಮೆಟ್ಟಿಲ ಮೇಲೆ ಹೊಂಗೆಯ ನೆರಳಿತ್ತು. ಅವಳು ಕೂತಳು. ಎದೆಯೊಳಗೆ ಬಹಳ ವರ್ಷದಿಂದ ಇಲ್ಲದ ಒಂದು ಹಟ, ಬೆಳಿಗ್ಗೆ ಕಣ್ಣು ತಿಕ್ಕಿ ಎದ್ದ ಮಗುವಿನಂತೆ, ಯಾರಿಗೂ ಜಗ್ಗದೆ ಕೂತಿತ್ತು. ಒಳಗೆ ಚಂದ್ರಕುಮಾರ್ ಮತ್ತು ಬತ್ತೇರಿಯವರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಚಂದ್ರಕುಮಾರ್ ಏಣಿ ತಂದು ಬೋರ್ಡಿನ ದಾರ ಬಿಚ್ಚಿದ. ಅವಳ ಮುಖ ನೋಡಲಿಲ್ಲ. ಆದರೆ ಬಟ್ಟೆಯನ್ನು ನೆಲಕ್ಕೆ ಬಿಡದೆ, ಅಕ್ಷರ ಮುಕ್ಕಾಗದ ಹಾಗೆ ಸುತ್ತಿ, ಅವಳ ಚೀಲದ ಪಕ್ಕ ಒರಗಿಸಿ ಒಳಗೆ ಹೋದ. ಅವನು ಇನ್ನು ತನಗೆ ಫೋನ್ ಮಾಡಲಾರ ಎಂದು ಅವಳಿಗೆ ತಿಳಿಯಿತು. ಆ ಬಿಸಿನೀರಿನ ಲೋಟವನ್ನು ತಾನು ಮುಟ್ಟದೇ ಬಂದದ್ದೂ ನೆನಪಾಯಿತು.

ಭಾನು ಬಸ್ಸಿನ ಹೊತ್ತು ಕೇಳಲು ರಸ್ತೆಗೆ ಹೋಗಿದ್ದಳು. ಚಿಕ್ಕನಿಂಗಮ್ಮ ಎರಡು ಮೆಟ್ಟಿಲು ಕೆಳಗೆ ಕೂತಿದ್ದಳು, ಬೆನ್ನು ಈಚೆ.

"ಬಸ್ಸಲ್ಲೇ ಗುರ್ತು ಸಿಕ್ತು ನಂಗೆ" ಎಂದಳು ತಿರುಗದೆ. "ತೆರಕಣಾಂಬಿ ಬಂದೇಟ್ಗೆ ಮೊಕ ಆ ಕಡಿಕ್ಕೆ ತಿರುಗ್ಸಿದ್ಯಲ್ಲ, ಡಿಪೋದಲ್ಲೂ ಅಂಗ್ಯೇ ತಿರುಗ್ಸಿದ್ದೆ."

"ಗುರುತು ಸಿಕ್ಕಿಯೂ ಬಿಸಿಲಿಗೆ ಅಡ್ಡ ಹಿಡಿದೆಯಾ?"

"ಬಿಸ್ಲು ನಿನ್ ಕಣ್ಗೆ ಬಿದ್ರೆ ನಂಗೇನ್ ಬತ್ತದ." ಗಂಟನ್ನು ಮಡಿಲಿಗೆ ಎಳೆದುಕೊಂಡು, "ನಿಮ್ಮವ್ವ ಆಮೇಕೆ ಕೇರಿಗೆ ಬಂದಿದ್ಲು. ಬಾಗ್ಲಲ್ಲೇ ನಿಂತಿದ್ಲು, ಒಂದ್ಮಾತಾಡ್ನಿಲ್ಲ. ನಮ್ಮವ್ವ ಕುಡಿಯಕ್ಕೆ ನೀರು ಕೊಟ್ಲು. ಕುಡುದ್ಲು, ಓದ್ಲು" ಎಂದಳು.

ಲಕ್ಷ್ಮಿದೇವಿಗೆ ಇದು ಗೊತ್ತಿರಲಿಲ್ಲ. ಆ ಮೂರು ದಿನದ ಮೌನದಲ್ಲಿ ಅವ್ವ ಎಲ್ಲಿ ಹೋಗಿದ್ದಳು, ಯಾವ ಬಾಗಿಲಲ್ಲಿ ನಿಂತಿದ್ದಳು ಎಂದು ಅವಳು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವಳು ಸುತ್ತಿಟ್ಟ ಬಟ್ಟೆಯ ಮೇಲೆ ಕೈಯಿಟ್ಟಳು. ಹೆಬ್ಬೆರಳು ತನ್ನಷ್ಟಕ್ಕೆ ಎಡದಿಂದ ಬಲಕ್ಕೆ ಒಮ್ಮೆ ಸರಿಯಿತು.

ಚಿಕ್ಕನಿಂಗಮ್ಮ ಗಂಟು ಬಿಚ್ಚಿದಳು. ಡಬ್ಬಿಯ ಮೇಲೆ ಕವುಚಿದ್ದ ತಟ್ಟೆಯನ್ನು ತಿರುವಿ, ಸೆರಗಿನಿಂದ ಒರೆಸಿ, ಎರಡು ರಾಗಿರೊಟ್ಟಿ ಹಾಕಿ, ಪಕ್ಕಕ್ಕೆ ಹುಚ್ಚೆಳ್ಳು ಚಟ್ನಿ ಹಾಕಿದಳು. ಎದ್ದು ಎರಡು ಮೆಟ್ಟಿಲು ಮೇಲೆ ಬಂದು ತಟ್ಟೆ ಚಾಚಿದಳು. ಲಕ್ಷ್ಮಿದೇವಿ ಎರಡೂ ಕೈ ಒಡ್ಡಿದಳು. ಸ್ಟೀಲಿನ ತಟ್ಟೆ, ಬಳಸಿ ಬಳಸಿ ನುಣ್ಣಗಾಗಿತ್ತು. ಅಂಚಿನಲ್ಲಿ ಪಾತ್ರೆ ಅಂಗಡಿಯವನು ಮೊಳೆಯಿಂದ ಚುಕ್ಕಿಚುಕ್ಕಿಯಾಗಿ ಕೊರೆದ ಹೆಸರಿತ್ತು. ಚಿಕ್ಕನಿಂಗಮ್ಮ. ಅವಳು ಆ ಹೆಸರನ್ನು ತನ್ನ ಕಡೆಗೆ ತಿರುಗಿಸಿಕೊಂಡು, ರೊಟ್ಟಿ ಮುರಿದಳು.